ಗಡಿ ಕಾಯುವುದು ಯಾಕೆ ಇಷ್ಟು ಕಷ್ಟ? ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆ ಹೋದರೆ ಬೆವರು ಸುರಿಸಿ ಓಡುವ ಹುಡುಗ ಹುಡುಗಿಯರು ಸಿಗುತ್ತಾರೆ. ಪೊಲೀಸ್ ಕೆಲಸದ ಆಸೆ ಕೆಲವರಿಗೆ, ಬಿಎಸ್‌ಎಫ್ (ಗಡಿ ಭದ್ರತಾ ಪಡೆ), ಸಿಆರ್‌ಪಿಎಫ್ (ಕೇಂದ್ರ ಮೀಸಲು ಪೊಲೀಸ್ ಪಡೆ) ಆಸೆ ಇನ್ನು ಕೆಲವರಿಗೆ. ಅಂಥವರಿಗೆ ಸಂಜೆ ಹೊತ್ತು ನಾನು ಸಾಮಾನ್ಯ ಜ್ಞಾನದ ಪಾಠ ಹೇಳುತ್ತೇನೆ. ಗಡಿಯ ಪಾಠ ಬಂದರೆ ಪುಸ್ತಕ ಮೂಲೆಗೆ ಹೋಗುತ್ತದೆ, ಪ್ರಶ್ನೆಗಳೇ ಜಾಸ್ತಿ. ಯಾದಗಿರಿ, ಬೀದರ್ ಕಡೆಯಿಂದ ಬಂದವರೂ ಹೆಚ್ಚು ಕಡಿಮೆ ಇವನ್ನೇ ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಮ್ಮ ದೇಶದ ಭೂಗಡಿ ಒಟ್ಟು ಎಷ್ಟು ಉದ್ದ ಐತ್ರಿ ಸರ್?

15,106.7 ಕಿ.ಮೀ. ಬಾಂಗ್ಲಾದೇಶದ ಜೊತೆ 4,096.7, ಚೀನಾ ಜೊತೆ 3,488, ಪಾಕಿಸ್ತಾನದ ಜೊತೆ 3,323, ನೇಪಾಳ 1,751, ಮ್ಯಾನ್ಮಾರ್ 1,643, ಭೂತಾನ್ 699. ಕೊನೆಗೆ ಅಫ್ಘಾನಿಸ್ತಾನದ ಜೊತೆ 106 ಕಿ.ಮೀ. ಇದು ಪಾಕ್ ಆಕ್ರಮಿತ ಕಾಶ್ಮೀರದ ಭಾಗದಲ್ಲಿದೆ, ಸದ್ಯ ನಮ್ಮ ಕೈಯಲ್ಲಿಲ್ಲ. ಅತಿ ಉದ್ದದ ಗಡಿ ಯಾವುದು ಅಂದರೆ ಎಲ್ಲರೂ ಪಾಕಿಸ್ತಾನ ಅಥವಾ ಚೀನಾ ಅನ್ನುತ್ತಾರೆ. ಉತ್ತರ ಬಾಂಗ್ಲಾದೇಶ. ಪರೀಕ್ಷೆಯಲ್ಲಿ ಇದೇ ಕೈಕೊಡುವ ಪ್ರಶ್ನೆ.

ಕರಾವಳಿ ಉದ್ದ ಹಳೆ ಪುಸ್ತಕದಾಗ ಒಂದು, ಹೊಸದರಾಗ ಇನ್ನೊಂದು ಐತಿ. ಯಾವುದು ಖರೆ?

ಹಳೆಯದು 7,516.6 ಕಿ.ಮೀ. ಹೊಸದು 11,098.81 ಕಿ.ಮೀ. ಸಮುದ್ರವೇನೂ ಬೆಳೆದಿಲ್ಲ, ಅಳತೆ ಸೂಕ್ಷ್ಮವಾಗಿದೆ. 1970ರ ದಶಕದಲ್ಲಿ ದೊಡ್ಡ ಪ್ರದೇಶವನ್ನು ಚಿಕ್ಕದಾಗಿ ತೋರಿಸುವ ನಕ್ಷೆ ಇಟ್ಟುಕೊಂಡು ಅಳೆದಿದ್ದರು. ಈಗ ಹೆಚ್ಚು ವಿವರ ಇರುವ ನಕ್ಷೆಯಲ್ಲಿ ಪ್ರತಿ ಅಳಿವೆ, ಪ್ರತಿ ಕೊರಕಲು ಲೆಕ್ಕಕ್ಕೆ ಬಂದಿದೆ. ಗುಜರಾತಿನ ಕರಾವಳಿಯಂತೂ ಹೆಚ್ಚು ಕಡಿಮೆ ಎರಡರಷ್ಟಾಯಿತು. ಪರೀಕ್ಷೆಗೆ ಈಗ ಹೊಸ ಅಂಕಿಯನ್ನೇ ಬರೆಯಿರಿ.

ಕಾಯುವವರ ಕಣ್ಣಿಂದ ನೋಡಿದರೆ ಈ ಕೊರಕಲುಗಳೇ ತಲೆನೋವು. ನೇರ ದಡವನ್ನು ದೂರದಿಂದ ನೋಡಬಹುದು. ಅಳಿವೆಯೊಳಗೆ ನುಗ್ಗಿದ ಸಣ್ಣ ದೋಣಿ ಯಾರಿಗೂ ಕಾಣುವುದಿಲ್ಲ.

ಯಾವ ಗಡಿ ಯಾರು ಕಾಯ್ತಾರ? ಎಲ್ಲಕ್ಕೂ ಒಂದೇ ಪಡೆ ಯಾಕ ಇಲ್ಲ?

ಪಾಕಿಸ್ತಾನ, ಬಾಂಗ್ಲಾದೇಶ ಗಡಿಗೆ ಬಿಎಸ್‌ಎಫ್. ಚೀನಾ ಗಡಿಗೆ ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್). ನೇಪಾಳ, ಭೂತಾನ್ ಗಡಿಗೆ ಎಸ್‌ಎಸ್‌ಬಿ (ಸಶಸ್ತ್ರ ಸೀಮಾ ಬಲ). ಮ್ಯಾನ್ಮಾರ್ ಗಡಿಗೆ ಅಸ್ಸಾಂ ರೈಫಲ್ಸ್. ಕಾಶ್ಮೀರದ ನಿಯಂತ್ರಣ ರೇಖೆ ಮತ್ತು ಚೀನಾ ಕಡೆಯ ವಾಸ್ತವ ನಿಯಂತ್ರಣ ರೇಖೆಯಲ್ಲಿ ಸೇನೆಯೂ ಇರುತ್ತದೆ.

ಇವುಗಳಲ್ಲಿ ಹೆಚ್ಚಿನವು ಒಂದೊಂದು ಪೆಟ್ಟು ತಿಂದ ಮೇಲೆ ಹುಟ್ಟಿದ ಪಡೆಗಳು. 1962ರ ಚೀನಾ ಯುದ್ಧದ ಹೊತ್ತಿಗೆ ಐಟಿಬಿಪಿ ಬಂತು. 1965ರವರೆಗೆ ಪಾಕಿಸ್ತಾನದ ಗಡಿಯನ್ನು ಆಯಾ ರಾಜ್ಯದ ಪೊಲೀಸರೇ ಕಾಯುತ್ತಿದ್ದರು. ಯುದ್ಧದಲ್ಲಿ ಅದು ಸಾಲದು ಅಂತ ಗೊತ್ತಾಯಿತು, ಆ ವರ್ಷ ಡಿಸೆಂಬರ್ 1ಕ್ಕೆ ಬಿಎಸ್‌ಎಫ್ ಶುರುವಾಯಿತು. ಕಾರ್ಗಿಲ್ ಆದ ಮೇಲೆ 2001ರಲ್ಲಿ ಸಚಿವರ ಗುಂಪು ಕೂತು, ಒಂದು ಗಡಿಗೆ ಒಂದೇ ಪಡೆ ಹೊಣೆ ಎಂಬ ಸೂತ್ರ ಕೊಟ್ಟಿತು. ಎಸ್‌ಎಸ್‌ಬಿಗೆ ನೇಪಾಳ ಗಡಿ ಸಿಕ್ಕಿದ್ದು ಆಗಲೇ. ಮುಂಚೆ ಒಂದೇ ಗಡಿಯಲ್ಲಿ ಹಲವು ಪಡೆಯವರು ಇರುತ್ತಿದ್ದರು, ತಪ್ಪಾದರೆ ಯಾರನ್ನು ಕೇಳಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ.

ಪೂರಾ ಬೇಲಿ ಹಾಕಿಬಿಟ್ರ ಮುಗೀತಲ್ಲ ಸರ್?

ಈ ಪ್ರಶ್ನೆ ಬರದ ವರ್ಷವೇ ಇಲ್ಲ. ಬೇಲಿ ಯಾರನ್ನೂ ಪೂರ್ತಿ ನಿಲ್ಲಿಸುವುದಿಲ್ಲ. ಅದು ಕಾವಲಿನವನಿಗೆ ಒಂದಿಷ್ಟು ನಿಮಿಷ ಗಳಿಸಿಕೊಡುತ್ತದೆ, ಅಷ್ಟೆ. ತಂತಿ ಕತ್ತರಿಸಲು, ಏಣಿ ಇಟ್ಟು ಹತ್ತಲು, ಕೆಳಗೆ ಸುರಂಗ ತೋಡಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಯಾರಾದರೂ ನೋಡಿದರೆ, ನೋಡಿದವರು ಅಲ್ಲಿಗೆ ತಲುಪಿದರೆ ಬೇಲಿ ಕೆಲಸ ಮಾಡಿತು. ಯಾರೂ ನೋಡದಿದ್ದರೆ ಅದು ಬರೀ ಕಬ್ಬಿಣ. ಜಮ್ಮು ಗಡಿಯಲ್ಲಿ ಬೇಲಿಯ ಕೆಳಗೆ ಹಾದು ಬಂದ ಸುರಂಗಗಳನ್ನು ಬಿಎಸ್‌ಎಫ್ ಮತ್ತೆ ಮತ್ತೆ ಪತ್ತೆ ಮಾಡಿದೆ.

ಬೇಲಿಯ ಪಕ್ಕದಲ್ಲೇ ನಡೆಯುವ ಒಂದು ಹಳೇ ವಿದ್ಯೆ ಕೇಳಿ. ರಾಜಸ್ಥಾನ, ಗುಜರಾತ್ ಕಡೆ ಬೇಲಿಯ ಗುಂಟ ಒಂದು ಮಣ್ಣಿನ ಪಟ್ಟಿ ಇರುತ್ತದೆ. ಅದರ ಮೇಲೆ ಭಾರ ಎಳೆದು ಮಣ್ಣನ್ನು ನುಣ್ಣಗೆ ಮಾಡುತ್ತಾರೆ. ಬೆಳಕು ಹರಿದ ಮೇಲೆ ಜವಾನ ಆ ಪಟ್ಟಿಯ ಗುಂಟ ತಲೆ ಬಗ್ಗಿಸಿ ನಡೆಯುತ್ತಾನೆ. ರಾತ್ರಿ ಯಾರೇ ದಾಟಿದ್ದರೂ ಹೆಜ್ಜೆ ಮೂಡಿರುತ್ತದೆ. ಹಿಮ್ಮಡಿ ಆಳಕ್ಕೆ ಇಳಿದಿದ್ದರೆ ಬೆನ್ನ ಮೇಲೆ ಭಾರ ಇತ್ತು. ಹಿಂದೆ ಹಿಂದೆ ನಡೆದು ದಿಕ್ಕು ತಪ್ಪಿಸಲು ನೋಡಿದರೂ ಮಣ್ಣು ಚಿಮ್ಮಿದ ರೀತಿ ಬೇರೆಯೇ ಇರುತ್ತದೆ. ಹೆಜ್ಜೆ ಓದುವುದರಲ್ಲಿ ಹೆಸರಾದ ಪಗಿಗಳು ಎಂಬ ಜನ ಕಛ್‌ನಲ್ಲಿ ಇಂದಿಗೂ ಇದ್ದಾರೆ. ಕೋಟಿಗಟ್ಟಲೆ ಬೆಲೆಯ ಕ್ಯಾಮೆರಾ ಬಂದರೂ ಈ ಮಣ್ಣಿನ ಪಟ್ಟಿಯನ್ನು ಯಾರೂ ಬಿಟ್ಟಿಲ್ಲ. ಆದರೆ ಥಾರ್‌ನಲ್ಲಿ ಜೋರು ಗಾಳಿ ಎದ್ದರೆ ಹೆಜ್ಜೆಯೂ ಹೋಯಿತು. ಮರಳಿನ ದಿಬ್ಬ ಸರಿದು ಬಂದು ಬೇಲಿಯನ್ನೇ ಮುಚ್ಚಿಬಿಡುವುದೂ ಉಂಟು. ಆಗ ಜನ ಅದರ ಮೇಲೆ ಸುಮ್ನೆ ನಡೆದು ದಾಟಬಹುದು.

ಬಾಂಗ್ಲಾ ಗಡಿಯಲ್ಲಿ 3,200 ಕಿ.ಮೀ.ಗೂ ಹೆಚ್ಚು ಬೇಲಿ ಆಗಿದೆ. ಉಳಿದದ್ದರಲ್ಲಿ ಸುಮಾರು 175 ಕಿ.ಮೀ.ನಷ್ಟು ಕಡೆ ಬೇಲಿ ಹಾಕುವುದೇ ಸಾಧ್ಯವಿಲ್ಲ ಎಂದು ಸರ್ಕಾರವೇ ಹೇಳಿದೆ. ಅಲ್ಲಿ ನದಿ, ಜೌಗು, ಕುಸಿಯುವ ಗುಡ್ಡ. ಇನ್ನು ಕೆಲವು ಕಡೆ ಜಮೀನು ಬಿಟ್ಟುಕೊಡುವ ತಕರಾರು. ಇದು ನಮ್ಮ ಕಡೆ ಹೆದ್ದಾರಿ ಅಗಲ ಮಾಡುವಾಗ ಆಗುವ ಜಗಳವೇ, ಬೇರೇನೂ ಅಲ್ಲ.

2023ರಲ್ಲಿ ಪಶ್ಚಿಮ ಬಂಗಾಳದ ನಾದಿಯಾ ಜಿಲ್ಲೆಯಲ್ಲಿ ಬಿಎಸ್‌ಎಫ್‌ನವರು ಬೇಲಿಗೆ ಜೇನುಪೆಟ್ಟಿಗೆ ಕಟ್ಟಿದರು. ತಂತಿ ಕತ್ತರಿಸಲು ಬಂದವನಿಗೆ ಜೇನ್ನೊಣದ ಕಾಟ, ಊರಿನವರಿಗೆ ಜೇನುತುಪ್ಪ. ನನಗೆ ತುಂಬಾ ಹಿಡಿಸಿದ ಉಪಾಯ ಇದು.

ಬೇಲಿ ಗಡಿಯ ಗೆರೆ ಮ್ಯಾಲೇ ಇರ್ತದಾ?

ಇಲ್ಲ. 1975ರಲ್ಲಿ ಭಾರತ, ಬಾಂಗ್ಲಾದೇಶ ಮಾಡಿಕೊಂಡ ಒಪ್ಪಂದದಂತೆ ಗಡಿಯಿಂದ 150 ಗಜದೊಳಗೆ ಯಾರೂ ರಕ್ಷಣಾ ಕಟ್ಟಡ ಕಟ್ಟುವ ಹಾಗಿಲ್ಲ. ಹಾಗಾಗಿ ನಮ್ಮ ಬೇಲಿ ನಮ್ಮ ನೆಲದಲ್ಲೇ ಒಳಗೆ ಸರಿದಿದೆ. ಬೇಲಿಗೂ ಗಡಿಗೂ ನಡುವೆ ನಮ್ಮವರ ಹೊಲ ಉಳಿದಿವೆ, ಕೆಲವು ಕಡೆ ಮನೆಗಳೂ ಉಳಿದಿವೆ.

ಪಂಜಾಬಿನಲ್ಲೂ ಇದೇ ಪಾಡು. ರೈತ ಗೇಟಿನ ಹತ್ತಿರ ಗುರುತಿನ ಚೀಟಿ ತೋರಿಸಬೇಕು. ಟ್ರ್ಯಾಕ್ಟರ್ ತಪಾಸಣೆ ಆಗಬೇಕು. ಗೇಟು ತೆರೆದಾಗ ಹೋಗಬೇಕು, ಮುಚ್ಚುವ ಮುಂಚೆ ವಾಪಸ್ ಬರಬೇಕು. ಆಳೆತ್ತರ ಬೆಳೆಯುವ ಬೆಳೆಗೆ ಅಡ್ಡಿ, ಯಾಕಂದರೆ ಅದರೊಳಗೆ ಯಾರಾದರೂ ಅವಿತು ಕೂರಬಹುದು. ತೊಗರಿ ಬೆಳೆಯುವ ನಮ್ಮ ರೈತರಿಗೆ ಇದನ್ನು ಹೇಳಿದರೆ ದಂಗಾಗುತ್ತಾರೆ. ರಾತ್ರಿ ನೀರು ಬಿಡಲು ಹೊಲಕ್ಕೆ ಹೋಗುವ ಹಾಗೇ ಇಲ್ಲ ಅಂದರೆ ಏನು ಬೇಸಾಯ ಅದು? ಈ ರೈತ ಮುನಿಸಿಕೊಂಡರೆ ಗಡಿಗೆ ನಷ್ಟ. ಹೊಸ ಮುಖ ಮೊದಲು ಕಾಣುವುದು ಅವನಿಗೇ.

ನದಿಯೇ ಗಡಿ ಆಗಿರುವಲ್ಲಿ ಏನು ಮಾಡ್ತಾರ?

ಭೀಮಾ ನದಿ ದಂಡೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಳೆ ಬಂದು ಹೋದ ಮೇಲೆ ಬದು ಎಲ್ಲಿತ್ತು ಅಂತಲೇ ತಿಳಿಯುವುದಿಲ್ಲ, ಅಣ್ತಮ್ಮಂದಿರ ನಡುವೆ ಸರ್ವೆಯವರನ್ನು ಕರೆಸುವ ಪರಿಸ್ಥಿತಿ. ಬ್ರಹ್ಮಪುತ್ರದಲ್ಲಿ ಅದೇ ಗೊಂದಲ ಎರಡು ದೇಶಗಳ ನಡುವೆ ಆಗುತ್ತದೆ. ನದಿಯ ನಡುವೆ ಮರಳಿನ ದ್ವೀಪಗಳು ಏಳುತ್ತವೆ, ಜನ ಅಲ್ಲೇ ಗುಡಿಸಲು ಕಟ್ಟುತ್ತಾರೆ. ಮುಂದಿನ ಮಳೆಗಾಲಕ್ಕೆ ದ್ವೀಪವೇ ಇರುವುದಿಲ್ಲ.

ಅಸ್ಸಾಮಿನ ಧುಬ್ರಿಯಲ್ಲಿ ಇಂಥ 61 ಕಿ.ಮೀ. ಗಡಿಯಲ್ಲಿ ಬೇಲಿಯ ಆಸೆ ಬಿಟ್ಟು 2019ರ ಮಾರ್ಚ್‌ನಲ್ಲಿ ಕ್ಯಾಮೆರಾ, ರೇಡಾರ್, ಸೆನ್ಸರ್ ಜಾಲ ಹಾಕಿದರು. ಸೆನ್ಸರ್ ಸದ್ದು ಮಾಡಿದ ಮೇಲೂ ದೋಣಿಯಲ್ಲಿ ಮನುಷ್ಯನೇ ಹೋಗಬೇಕು. ಸುಂದರಬನದಲ್ಲಂತೂ ಬಿಎಸ್‌ಎಫ್‌ನ ಕೆಲವು ಠಾಣೆಗಳೇ ತೇಲುವ ಹಡಗುಗಳು.

ನೇಪಾಳ ಗಡಿ ತೆರೆದೇ ಬಿಟ್ಟಾರ. ಅಪಾಯ ಅಲ್ವಾ?

1950ರ ಒಪ್ಪಂದದಿಂದ ಎರಡೂ ಕಡೆಯವರಿಗೆ ವೀಸಾ ಬೇಕಿಲ್ಲ. ಮದುವೆ, ಸಂತೆ, ಕೂಲಿ ಎಲ್ಲ ಆಚೀಚೆ ನಡೆಯುತ್ತದೆ. ಅಪಾಯ ಇದ್ದೇ ಇದೆ. ಆದರೆ ಮುಚ್ಚಿದರೆ ನಮ್ಮವರ ಬದುಕೂ ನಿಲ್ಲುತ್ತದೆ, ನೇಪಾಳದವರ ಸಿಟ್ಟೂ ಕಟ್ಟಿಕೊಂಡ ಹಾಗೆ. ಎಸ್‌ಎಸ್‌ಬಿಯವರ ಕಷ್ಟ ಏನಂದರೆ ನೂರು ಜನ ಸಾಚಾ ಮಂದಿಯನ್ನು ಕಾಯಿಸದೆ ಒಬ್ಬ ಕಳ್ಳನನ್ನು ಹಿಡಿಯಬೇಕು.

ಮ್ಯಾನ್ಮಾರ್ ಕಡೆ ಬೇಲಿಗೆ ಅಲ್ಲಿಯವರೇ ಬ್ಯಾಡ ಅಂತಾರಂತಲ್ಲ?

ಹೌದು. ನಾಗಾ, ಮಿಜೊ, ಕುಕಿ ಜನರ ಬಂಧುಬಳಗ ಎರಡೂ ಕಡೆ ಇದೆ. ನಾಗಾಲ್ಯಾಂಡಿನ ಲೋಂಗ್ವಾ ಊರಿನ ಮುಖ್ಯಸ್ಥನ ಮನೆಯ ನಡುವೆಯೇ ಗಡಿ ಹಾದುಹೋಗುತ್ತದೆ. ಮೊದಲು 16 ಕಿ.ಮೀ.ವರೆಗೆ ವೀಸಾ ಇಲ್ಲದೆ ಓಡಾಡಬಹುದಿತ್ತು. 2024ರ ಫೆಬ್ರವರಿಯಲ್ಲಿ ಕೇಂದ್ರ ಆ ಪದ್ಧತಿ ಕೈಬಿಡುವುದಾಗಿ ಹೇಳಿತು, ಪೂರ್ತಿ ಬೇಲಿ ಹಾಕುವುದಾಗಿಯೂ ಹೇಳಿತು. ಆಮೇಲೆ ಅದೇ ವರ್ಷ 10 ಕಿ.ಮೀ.ವರೆಗೆ ಪಾಸ್ ಮೇಲೆ ಬಿಡುವ ನಿಯಮ ಬಂತು. ಆಚೆ ಕಡೆ ಅಂತರ್ಯುದ್ಧ, ಈಚೆ ಕಡೆ ಮಣಿಪುರದ ಗಲಾಟೆ, ಜೊತೆಗೆ ಮಾದಕ ವಸ್ತು. ಸರ್ಕಾರದ ಚಿಂತೆಗೂ ಕಾರಣ ಇದೆ, ಅಲ್ಲಿಯ ಜನರ ಸಂಕಟಕ್ಕೂ ಕಾರಣ ಇದೆ.

ಚೀನಾ ಗಡಿಯ ತೊಡಕು ಏನು?

ಗೆರೆಯೇ ಪಕ್ಕಾ ಇಲ್ಲ. ವಾಸ್ತವ ನಿಯಂತ್ರಣ ರೇಖೆ ಎಲ್ಲಿದೆ ಎಂಬುದನ್ನು ಎರಡೂ ಕಡೆಯವರು ಒಪ್ಪಿ ಪೂರ್ತಿ ಗಡಿಯ ನಕ್ಷೆ ಅದಲು ಬದಲು ಮಾಡಿಕೊಂಡಿಲ್ಲ. ನಮ್ಮ ಗಸ್ತು ತಂಡ ಹೋಗುವ ಜಾಗಕ್ಕೆ ಅವರ ತಂಡವೂ ಬರುತ್ತದೆ. 2020ರ ಜೂನ್ 15ರಂದು ಲಡಾಖಿನ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ದೆಪ್ಸಾಂಗ್, ದೆಮ್‌ಚೋಕ್‌ನಲ್ಲಿ ಗಸ್ತಿನ ಒಪ್ಪಂದ ಆಗಲು 2024ರ ಅಕ್ಟೋಬರ್ ಬರಬೇಕಾಯಿತು.

ಇನ್ನೊಂದು ತೊಡಕು ರಸ್ತೆ. ಅವರ ಕಡೆ ಟಿಬೆಟ್ ಪ್ರಸ್ಥಭೂಮಿ, ರಸ್ತೆ ಸಲೀಸು. ನಮ್ಮ ಕಡೆ ಕಡಿದಾದ ಹಿಮಾಲಯ. ಹಿಮಾಚಲದ 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರಲ್ಲಿ, ಅರುಣಾಚಲದ ಸೇಲಾ ಸುರಂಗ 2024ರಲ್ಲಿ ತೆರೆದವು. ಗಡಿಯ ಹಳ್ಳಿಗಳು ಖಾಲಿಯಾಗದಿರಲಿ ಎಂದು 2023ರಲ್ಲಿ ವೈಬ್ರಂಟ್ ವಿಲೇಜಸ್ ಯೋಜನೆ ಬಂತು. ಹಳ್ಳಿಯಲ್ಲಿ ದೀಪ ಉರಿಯುತ್ತಿದ್ದರೆ, ಕುರಿಗಾಹಿ ಮೇಲಿನ ಹುಲ್ಲುಗಾವಲಿಗೆ ಹೋಗಿ ಬರುತ್ತಿದ್ದರೆ ಆ ನೆಲ ನಮ್ಮದು ಎನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಡ್ರೋನ್ ಬಂದ ಮೇಲೆ ಬೇಲಿಗೆ ಏನು ಬೆಲೆ?

ಒಳ್ಳೆ ಪ್ರಶ್ನೆ. ಪಂಜಾಬಿನ ಗಡಿಯ ದೀಪಗಳು ಅಂತರಿಕ್ಷದಿಂದಲೂ ಕಿತ್ತಳೆ ಬಣ್ಣದ ಗೆರೆಯ ಹಾಗೆ ಕಾಣುತ್ತವೆ. ಅಷ್ಟು ಬೆಳಕಿನ ಮೇಲೆ ಕತ್ತಲಲ್ಲಿ ಸಣ್ಣ ಡ್ರೋನ್ ಹಾರಿ ಬಂದು, ಅರ್ಧ ಕಿಲೋ ಹೆರಾಯಿನ್ ಅಥವಾ ಪಿಸ್ತೂಲು ಹೊಲದಲ್ಲಿ ಬೀಳಿಸಿ ಹೋಗುತ್ತದೆ. ಯಾರೂ ಗಡಿ ದಾಟಬೇಕಿಲ್ಲ. ಅದನ್ನು ಎತ್ತಿಕೊಳ್ಳಲು ಬರುವವನು ನಮ್ಮ ಊರಿನವನೇ. ಅಲ್ಲಿಗೆ ಗಡಿ ಪಡೆಯ ಕೆಲಸ ಪೊಲೀಸರ ಕೆಲಸವೂ ಆಯಿತು. 2021ರಲ್ಲಿ ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಮಿನಲ್ಲಿ ಬಿಎಸ್‌ಎಫ್ ವ್ಯಾಪ್ತಿಯನ್ನು ಗಡಿಯಿಂದ 15 ಕಿ.ಮೀ. ಇದ್ದದ್ದನ್ನು 50 ಕಿ.ಮೀ.ಗೆ ಏರಿಸಿದಾಗ ಪಂಜಾಬ್, ಬಂಗಾಳ ಸರ್ಕಾರಗಳು ತಕರಾರು ತೆಗೆದವು. ಕಾನೂನು ಸುವ್ಯವಸ್ಥೆ ರಾಜ್ಯದ್ದು, ಗಡಿ ಕೇಂದ್ರದ್ದು. ಈ ಎಳೆದಾಟ ಸದ್ಯಕ್ಕೆ ಮುಗಿಯುವಂಥದ್ದಲ್ಲ.

ಸಮುದ್ರ ಕಾಯೋದು ಭೂಮಿಗಿಂತ ಸುಲಭ ಅಲ್ವಾ? ನೀರಿನ್ಯಾಗ ಯಾರು ನಡ್ಕೊಂಡು ಬರ್ತಾರ?

ಸಮುದ್ರ ನೋಡದವರ ಪ್ರಶ್ನೆ ಇದು, ಬೈಯುತ್ತಿಲ್ಲ. ನೆಲದ ಗಡಿಯಲ್ಲಿ ಕಂಬವಾದರೂ ಇರುತ್ತದೆ. ಸಮುದ್ರದಲ್ಲಿ ಗೆರೆ ಇರುವುದು ನಕ್ಷೆಯಲ್ಲಿ ಮಾತ್ರ. ದಡದಿಂದ 12 ನಾಟಿಕಲ್ ಮೈಲಿವರೆಗೆ ನಮ್ಮ ಜಲಗಡಿ. 200 ನಾಟಿಕಲ್ ಮೈಲಿವರೆಗೆ ಮೀನು, ತೈಲದಂಥ ಸಂಪತ್ತಿನ ಹಕ್ಕು ನಮ್ಮದು, ಆದರೆ ಯಾವ ದೇಶದ ಹಡಗು ಬೇಕಾದರೂ ಅಲ್ಲಿ ಹಾದುಹೋಗಬಹುದು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಲೆಕ್ಕ ಹಾಕಿ ನೋಡಿ.

ಅದರೊಳಗೆ ಎರಡು ಲಕ್ಷಕ್ಕೂ ಹೆಚ್ಚು ಮೀನುಗಾರಿಕೆ ದೋಣಿಗಳಿವೆ. ಬಹಳಷ್ಟು ಬೆಳಗಿನ ಜಾವ ಹೊರಡುತ್ತವೆ, ರೇಡಾರ್‌ನಲ್ಲಿ ಎಲ್ಲವೂ ಒಂದೇ ತರಹದ ಚುಕ್ಕಿ. ಕೆಟ್ಟವನು ಮೀನುಗಾರನ ದೋಣಿಯಲ್ಲೇ ಬಂದರೆ?

2008ರ ನವೆಂಬರ್‌ನಲ್ಲಿ ಆಗಿದ್ದು ಅದೇ. ಕರಾಚಿಯಿಂದ ಹೊರಟ ಹತ್ತು ಜನ ಸಮುದ್ರದ ನಡುವೆ ಕುಬೇರ್ ಎಂಬ ಗುಜರಾತಿನ ಟ್ರಾಲರನ್ನು ಹಿಡಿದರು. ನಮ್ಮದೇ ದೋಣಿ, ನಮ್ಮದೇ ನೋಂದಣಿ ಸಂಖ್ಯೆ. ಅದರಲ್ಲಿ ಮುಂಬೈ ಹತ್ತಿರ ಬಂದು, ಕೊನೆಗೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಮೀನುಗಾರರ ಕೇರಿಯ ದಡಕ್ಕೆ ಇಳಿದರು. 166 ಜನ ಸತ್ತರು. ಅದಕ್ಕೂ ಹದಿನೈದು ವರ್ಷ ಹಿಂದೆ, 1993ರ ಮುಂಬೈ ಸ್ಫೋಟಕ್ಕೆ ಬೇಕಾದ ಆರ್‌ಡಿಎಕ್ಸ್ ಸ್ಫೋಟಕ ಕೂಡ ರಾಯಗಡ ಜಿಲ್ಲೆಯ ಕರಾವಳಿಯಲ್ಲೇ ಇಳಿದಿತ್ತು. ಮೊದಲ ಪೆಟ್ಟು ಬಿದ್ದಾಗಲೇ ಎಚ್ಚರ ಆಗಬೇಕಿತ್ತು. ಕರಾವಳಿ ಭದ್ರತಾ ಯೋಜನೆ ಶುರುವಾಗಿದ್ದು 2005ರಲ್ಲಿ, ಚುರುಕಾಗಿದ್ದು 2008ರ ನಂತರ.

ಈಗ ಸಮುದ್ರದಾಗ ಯಾರು ಯಾರು ಇದ್ದಾರ?

ಒಟ್ಟು ಹೊಣೆ ನೌಕಾಪಡೆಯದು. ಕರಾವಳಿಯ ಜಲಗಡಿ ನೋಡಿಕೊಳ್ಳುವುದು 1977ರಲ್ಲಿ ಶುರುವಾದ ಕೋಸ್ಟ್ ಗಾರ್ಡ್. ದಡದ ಹತ್ತಿರದ ನೀರು ರಾಜ್ಯದ ಕರಾವಳಿ ಕಾವಲು ಪೊಲೀಸರದು. ಬಂದರು, ಕಸ್ಟಮ್ಸ್, ಮೀನುಗಾರಿಕೆ ಇಲಾಖೆ ಬೇರೆ. ನಮ್ಮ ರಾಜ್ಯದ ಕರಾವಳಿ 300 ಕಿ.ಮೀ. ಚಿಲ್ಲರೆ. ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಉಡುಪಿಯ ಮಲ್ಪೆಯಲ್ಲಿದೆ, ಮಂಗಳೂರಿನಿಂದ ಕಾರವಾರದವರೆಗೆ ಠಾಣೆಗಳಿವೆ.

ಇಷ್ಟು ಜನ ಇದ್ದರೆ ಮಾಹಿತಿ ಒಬ್ಬರಿಂದ ಒಬ್ಬರಿಗೆ ಹೋಗುವುದೇ ದೊಡ್ಡ ಕೆಲಸ. ಅದಕ್ಕೇ 2014ರಲ್ಲಿ ಗುರುಗ್ರಾಮದಲ್ಲಿ ಒಂದು ಮಾಹಿತಿ ಕೇಂದ್ರ ತೆರೆದು, ಕರಾವಳಿಯ ರೇಡಾರ್‌ಗಳ ಚಿತ್ರವೆಲ್ಲ ಅಲ್ಲಿಗೆ ಬರುವಂತೆ ಮಾಡಿದರು. ಸಮುದ್ರವೇ ಇಲ್ಲದ ಹರಿಯಾಣದಲ್ಲಿ ಕೂತು ಸಮುದ್ರ ನೋಡುತ್ತಾರೆ.

ದುಬಾರಿ ರೇಡಾರ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಸ್ಪೀಡ್ ಬೋಟಿಗೆ ಡೀಸೆಲ್, ಬೋಟು ಓಡಿಸುವ ನುರಿತ ಸಿಬ್ಬಂದಿ, ರಿಪೇರಿಗೆ ಬಿಡಿಭಾಗ ಇಲ್ಲದಿದ್ದರೆ ಚುಕ್ಕಿ ಕಂಡೂ ಏನು ಪ್ರಯೋಜನ? ನೆಲದ ಠಾಣೆಯಿಂದ ವರ್ಗವಾಗಿ ಬಂದ ಪೊಲೀಸನಿಗೆ ಅಲೆಯ ಮೇಲೆ ಮೊದಲ ದಿನ ವಾಂತಿಯೇ ಆಗುವುದು. ಈ ಕೆಲಸಕ್ಕೆ ಮೀನುಗಾರರ ಮಕ್ಕಳೇ ಸರಿ ಎಂದು ನನ್ನ ಅಭಿಪ್ರಾಯ.

ಮೀನುಗಾರರನ್ನು ಹೆಂಗ ಗುರುತು ಹಿಡೀತಾರ?

ಬೋಟಿನ ನೋಂದಣಿ, ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಗುರುತಿನ ಚೀಟಿ. 20 ಮೀಟರ್‌ಗಿಂತ ಉದ್ದದ ಬೋಟಿಗೆ ತನ್ನ ಗುರುತು, ಜಾಗ ತಾನೇ ಸಾರುವ ಎಐಎಸ್ ಯಂತ್ರ ಕಡ್ಡಾಯ. ಸಣ್ಣ ಬೋಟುಗಳೇ ಹೆಚ್ಚು, ಅವೇ ತೊಡಕು. ಈಗ ಒಂದು ಲಕ್ಷ ಬೋಟುಗಳಿಗೆ ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ (ಬೋಟು ಎಲ್ಲಿದೆ ಎಂದು ತಿಳಿಸುವ ಯಂತ್ರ) ಉಚಿತವಾಗಿ ಹಾಕುವ ಯೋಜನೆ ನಡೆಯುತ್ತಿದೆ.

ಕೆಲವರು ಯಂತ್ರ ಆರಿಸಿಡುವುದೂ ಇದೆ. ಎಲ್ಲಿ ಮೀನು ಸಿಕ್ಕಿತು ಅಂತ ಪಕ್ಕದ ಬೋಟಿನವನಿಗೆ ಯಾಕೆ ಗೊತ್ತಾಗಬೇಕು? ಆದರೆ 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅವಶೇಷ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಬೋಟು ಎಲ್ಲಿದೆ ಎಂದು ದಡಕ್ಕೆ ಗೊತ್ತಿರಬೇಕು ಎನ್ನುವುದು ಬರೀ ಪೊಲೀಸರ ಹಟವಲ್ಲ.

ಬಂದರಿನಿಂದ ಕಳ್ಳಮಾಲು ಬರೋದಿಲ್ವಾ?

ಬರುತ್ತದೆ, ರಾಜಾರೋಷವಾಗಿ ಕಾಗದಪತ್ರ ಸಮೇತ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲು ಎಂದು ಬರೆದಿದ್ದ ಎರಡು ಕಂಟೇನರ್‌ಗಳಲ್ಲಿ ಸುಮಾರು 3,000 ಕೆ.ಜಿ. ಹೆರಾಯಿನ್ ಸಿಕ್ಕಿತು. ಎಲ್ಲ ಕಂಟೇನರ್ ಬಿಚ್ಚಿ ನೋಡಿದರೆ ವ್ಯಾಪಾರವೇ ನಿಲ್ಲುತ್ತದೆ. ಯಾವುದನ್ನು ಬಿಚ್ಚಬೇಕು ಎಂದು ಮೊದಲೇ ತಿಳಿದಿರಬೇಕು.

ಕಲಬುರಗಿ, ಬೀದರ್‌ಗೂ ದೇಶದ ಗಡಿಗೂ ಏನು ಸಂಬಂಧ?

ನಿಮ್ಮ ಮುತ್ಯಾನವರ ಕಾಲದಲ್ಲಿ ಇಲ್ಲೇ ಒಂದು ಗಡಿ ಇತ್ತು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಬೇರೆ ನಾಣ್ಯ, ಬೇರೆ ಸುಂಕ. ಸುಂಕದ ಇಲಾಖೆಗೆ ಕರೋಡಗಿರಿ ಅನ್ನುತ್ತಿದ್ದರು. 1947ರ ಆಗಸ್ಟ್ ನಂತರ ಸೊಲ್ಲಾಪುರ, ವಿಜಯಪುರ ಸ್ವತಂತ್ರ ಭಾರತ, ಕಲಬುರಗಿ ಅಲ್ಲ. ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ವಿರುದ್ಧ ಹೋರಾಡಿದವರು ಆ ಗಡಿಯ ಆಚೆ ಶಿಬಿರ ಹಾಕಿ, ರಾತ್ರಿ ದಾಟಿ ಬಂದು ಹೋಗುತ್ತಿದ್ದರು. ಸಂಸ್ಥಾನಕ್ಕೆ ಸಮುದ್ರ ಇರಲಿಲ್ಲ, ಸುತ್ತ ಭಾರತ. ಆದರೂ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ 1948ರಲ್ಲಿ ಕರಾಚಿಯಿಂದ ವಿಮಾನದಲ್ಲಿ ಬಂದೂಕು ತಂದು ನಿಜಾಮರಿಗೆ ಮುಟ್ಟಿಸಿದ. ಸುತ್ತಲೂ ಕಾವಲಿದ್ದರೂ ಮೇಲಿನಿಂದ ಬಂತು ನೋಡಿ. ಈಗಿನ ಡ್ರೋನ್ ಹೊಸದೇನಲ್ಲ. ಸೆಪ್ಟೆಂಬರ್ 13ಕ್ಕೆ ಸೇನೆ ಒಳಬಂತು, 17ಕ್ಕೆ ವಿಮೋಚನೆ.

ಇವತ್ತಿನ ಸಂಬಂಧ ಬೇಕೆಂದರೆ ಬೀದರ್ ವಾಯುನೆಲೆಗೆ ತಲೆ ಎತ್ತಿ ನೋಡಿ. ಹಾಕ್ ವಿಮಾನಗಳಲ್ಲಿ ತರಬೇತಿ ಪಡೆಯುವ ಪೈಲಟ್‌ಗಳು ನಾಳೆ ಗಡಿಯ ನೆಲೆಗಳಿಗೆ ಹೋಗುವವರೇ. ವಿಮಾನದಲ್ಲಿ ಸಾಹಸ ಪ್ರದರ್ಶನ ಮಾಡುವ ಸೂರ್ಯಕಿರಣ ತಂಡದ ನೆಲೆಯೂ ಅದೇ.

ಬೀದರ್ ಗಡಿ ಜಿಲ್ಲೆ. ಕಾನ್‌ಸ್ಟೆಬಲ್ ನೇಮಕದಾಗ ಗಡಿ ಜಿಲ್ಲೆ ಕೋಟಾ ಸಿಗ್ತದಾ? 371(ಜೆ)?

ಕೇಂದ್ರದ ಪಡೆಗಳ ನೇಮಕದಲ್ಲಿ ಎರಡೂ ಇಲ್ಲ. ಆ ಕೋಟಾ ಬೇರೆ ದೇಶಕ್ಕೆ ತಾಗಿದ ಜಿಲ್ಲೆಗಳಿಗೆ. ತೆಲಂಗಾಣ, ಮಹಾರಾಷ್ಟ್ರಕ್ಕೆ ತಾಗಿದರೆ ಲೆಕ್ಕಕ್ಕಿಲ್ಲ. 371(ಜೆ) ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ ವಿಶೇಷ ಸ್ಥಾನಮಾನ. ಅದರ ಪ್ರಮಾಣಪತ್ರ ರಾಜ್ಯದ ಹುದ್ದೆ ಮತ್ತು ಇಲ್ಲಿಯ ಕಾಲೇಜು ಸೀಟಿಗೆ ನಡೆಯುತ್ತದೆ, ಕೇಂದ್ರದ ಪಡೆಗಳಿಗೆ ನಡೆಯುವುದಿಲ್ಲ. ಆ ಪ್ರಮಾಣಪತ್ರಕ್ಕಾಗಿ ಕಚೇರಿಗೆ ಅಲೆಯುವ ಹೊತ್ತಿನಲ್ಲಿ ಓಡುವುದನ್ನು ಅಭ್ಯಾಸ ಮಾಡಿ.

ಸಿಹಿಸುದ್ದಿಯೂ ಇದೆ. 2024ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಹುಡುಗರು 5 ಕಿ.ಮೀ.ಯನ್ನು 24 ನಿಮಿಷದಲ್ಲಿ, ಹುಡುಗಿಯರು 1.6 ಕಿ.ಮೀ.ಯನ್ನು ಎಂಟೂವರೆ ನಿಮಿಷದಲ್ಲಿ ಓಡಬೇಕು. ಎತ್ತರ 170 ಮತ್ತು 157 ಸೆಂ.ಮೀ. ಕೆಲವು ವರ್ಗಗಳಿಗೆ ಸಡಿಲಿಕೆ ಇದೆ, ಅಧಿಸೂಚನೆ ನೋಡಿಕೊಳ್ಳಿ. ಕೋಸ್ಟ್ ಗಾರ್ಡ್ ನಾವಿಕ ಜನರಲ್ ಡ್ಯೂಟಿಗೆ ಪಿಯುಸಿಯಲ್ಲಿ ಗಣಿತ, ಭೌತವಿಜ್ಞಾನ ಬೇಕು. ಈಜು ಬರದಿದ್ದರೆ ಈಗಲೇ ಕಲಿಯಿರಿ, ಆದರೆ ಗೊತ್ತಿದ್ದವರ ಜೊತೆ. ಒಬ್ಬೊಬ್ಬರೇ ಬಾವಿಗೆ, ಹೊಳೆಗೆ ಇಳಿಯಬೇಡಿ.

ಕರಾವಳಿಗೆ ಟೂರ್ ಹೋದಾಗ ಏನಾದರೂ ಸಂಶಯ ಕಂಡರ ಯಾರಿಗೆ ಹೇಳ್ಬೇಕು?

ಕರಾವಳಿ ಕಾವಲು ಪೊಲೀಸರಿಗೆ 1093. ಸಮುದ್ರದಲ್ಲಿ ಯಾರಾದರೂ ಅಪಾಯದಲ್ಲಿದ್ದರೆ ಕೋಸ್ಟ್ ಗಾರ್ಡ್‌ಗೆ 1554. ಎರಡೂ ನೆನಪಾಗದಿದ್ದರೆ 112. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಮುಂಚೆ ಈ ಫೋನು ಮಾಡಿ. ಬೋಟಿನ ಬಣ್ಣ, ಮೇಲಿನ ನಂಬರು, ಯಾವ ದಿಕ್ಕಿಗೆ ಹೋಯಿತು ಎನ್ನುವಷ್ಟು ಹೇಳಿದರೆ ಸಾಕು.